ಗೇಟಿನಿಂದ ಮೆಟ್ಟಿಲವರೆಗೆ: ಹಳೇ ಕಾಂಕ್ರೀಟ್ ದಾರಿ ಕಿತ್ತು ಹೊಸದು ಹಾಕುವ ಬಗೆ

ಮಲೆನಾಡಿನ ಮನೆಗಳಲ್ಲಿ ಗೇಟಿನಿಂದ ಮೆಟ್ಟಿಲವರೆಗೆ ಹಾಕಿದ ಕಾಂಕ್ರೀಟ್ ದಾರಿ ಹೆಚ್ಚಾಗಿ ಕೆಳಗಿನಿಂದಲೇ ಹಾಳಾಗುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಮೇಲಿನ ಬಿರುಕು, ಎದ್ದು ನಿಂತ ಜಲ್ಲಿ, ಹಸಿರು ಪಾಚಿ. ಅದಕ್ಕೂ ಮೊದಲೇ, ಆಷಾಢದಲ್ಲಿ ನೆಲದಿಂದ ಜಲ ಎದ್ದು ಧರೆ, ಅಂದರೆ ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯ ಕಡೆಯಿಂದ ನೀರು ಇಳಿದು ಕಾಂಕ್ರೀಟಿನ ಅಡಿಯ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೊಳೆದುಕೊಂಡು ಹೋಗಿರುತ್ತದೆ. ಅಡಿ ಟೊಳ್ಳಾದ ಮೇಲೆ ಯಾರೋ ಒಂದು ಗೊಬ್ಬರದ ಮೂಟೆ ಹೊತ್ತುಕೊಂಡು ನಡೆದರೂ ಸಾಕು, ಬಿರುಕು ಬಿಡುತ್ತದೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೂ ಎರಡೂ ಕಡೆ ಒಂದೇ ಮಾತು: ಹೊಸ ದಾರಿಗೆ ದುಡ್ಡು ಹಾಕುವ ಮೊದಲು ನೀರಿಗೆ ದಾರಿ ಮಾಡಿಕೊಡಿ.

ಮೊದಲು ಕೀಳಬೇಕೋ ಬೇಡವೋ ನೋಡಿ. ಹಾರೆಯ ಹಿಂಬದಿಯಿಂದ ದಾರಿ ಉದ್ದಕ್ಕೂ ಮೆಲ್ಲಗೆ ಕುಟ್ಟಿಕೊಂಡು ಬನ್ನಿ. ಗಟ್ಟಿ ಸದ್ದು ಬಂದರೆ ಅಡಿ ಚೆನ್ನಾಗಿದೆ, ಡಬ್ ಡಬ್ ಅಂದರೆ ಟೊಳ್ಳು. ಬರೀ ಪಾಚಿ ಕಟ್ಟಿದ್ದರೆ ಕೀಳುವ ಅಗತ್ಯವೇ ಇಲ್ಲ. ಬ್ಲೀಚಿಂಗ್ ಪೌಡರ್ ನೀರು ಹಾಕಿ, ಕಾಲು ಗಂಟೆ ಬಿಟ್ಟು ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ. ಅದರ ಜೊತೆ ಟಾಯ್ಲೆಟ್ ಆಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಒಂದೆರಡು ಸಣ್ಣ ಬಿರುಕು ಇದ್ದರೂ ತುಂಬಿಸಿಕೊಳ್ಳಬಹುದು. ಆದರೆ ಅಲ್ಲಲ್ಲಿ ತಗ್ಗಾಗಿ ನೀರು ನಿಲ್ಲುತ್ತಿದ್ದರೆ, ಒಂದು ತುಂಡು ಮೇಲೆ ಒಂದು ಕೆಳಗೆ ಆಗಿ ಕಾಲು ಎಡವುತ್ತಿದ್ದರೆ, ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಟೊಳ್ಳು ಸದ್ದು ಬರುತ್ತಿದ್ದರೆ ಕಿತ್ತೇ ಹಾಕಬೇಕು. ಹಳೆಯದರ ಮೇಲೆ ಒಂದಿಂಚು ಸಿಮೆಂಟ್ ಗಾರೆ ಎಳೆಸುವುದು ದುಡ್ಡು ನೀರಿಗೆ ಹಾಕಿದ ಹಾಗೆ. ಅಡಿ ಅಲುಗಾಡುವಾಗ ಮೇಲಿನ ತೆಳು ಪದರ ನಿಲ್ಲುವುದಾದರೂ ಹೇಗೆ? ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ.

ಇದೆಲ್ಲ ಕಾಂಪೌಂಡ್ ಒಳಗಿನ ದಾರಿಯ ಮಾತು. ಗೇಟಿನ ಹೊರಗಿನ ಫುಟ್‌ಪಾತ್, ಚರಂಡಿ ಮೇಲಿನ ಹಾಸು ನಗರಪಾಲಿಕೆಯದ್ದೋ ಪಂಚಾಯಿತಿಯದ್ದೋ ಆಗಿರುತ್ತದೆ. ಅಲ್ಲಿ ಕೇಳದೆ ಕೈ ಹಾಕಬೇಡಿ, ಚರಂಡಿಯನ್ನಂತೂ ಮುಚ್ಚಲೇಬೇಡಿ.

ಕಾಲ ಬಹಳ ಮುಖ್ಯ. ದೀಪಾವಳಿ ಆಚೆಗೆ ಅಡಿಕೆ ಕೊಯ್ಲು ಶುರುವಾದರೆ ಕೆಲಸದವರೂ ಸಿಗುವುದಿಲ್ಲ, ಅಂಗಳವೂ ಖಾಲಿ ಇರುವುದಿಲ್ಲ. ಏಪ್ರಿಲ್ ಬಂದರೆ ಮಧ್ಯಾಹ್ನದ ಗುಡುಗು ಮಳೆಯ ಭಯ, ಜೊತೆಗೆ ಬಾವಿಯಲ್ಲಿ ನೀರು ಇಳಿದು ಕ್ಯೂರಿಂಗಿಗೆ, ಅಂದರೆ ಹೊಸ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆ ಇಡುವುದಕ್ಕೆ, ಪರದಾಟ. ಹಾಗಾಗಿ ಶಿವರಾತ್ರಿ ಆಸುಪಾಸು ಒಳ್ಳೆಯದು. ಅಡಿಕೆ ಅಂಗಳದಿಂದ ಎದ್ದಿರುತ್ತದೆ, ಬಾವಿಯಲ್ಲಿ ನೀರಿರುತ್ತದೆ, ಮಳೆ ಬರುವ ಹೊತ್ತಿಗೆ ಕಾಂಕ್ರೀಟ್ ಪೂರ್ತಿ ಬಲಿತಿರುತ್ತದೆ.

ಕೀಳುವ ಮೊದಲು ಎರಡು ಅಳತೆ ತೆಗೆದುಕೊಳ್ಳಿ. ಒಂದು, ಕೊನೆಯ ಮೆಟ್ಟಿಲಿನ ಎತ್ತರ. ಹೊಸ ದಾರಿ ಎರಡಿಂಚು ಮೇಲೆ ಬಂದರೆ ಆ ಮೆಟ್ಟಿಲು ಬೇರೆ ಮೆಟ್ಟಿಲುಗಳಿಗಿಂತ ಗಿಡ್ಡ ಆಗಿ ವಯಸ್ಸಾದವರು ಅಲ್ಲೇ ತಪ್ಪಿ ಹೆಜ್ಜೆ ಇಡುತ್ತಾರೆ. ಇನ್ನೊಂದು, ಗೇಟಿನ ಅಡಿಯಲ್ಲಿರುವ ಸಂದು. ಒಳಕ್ಕೆ ತೆರೆಯುವ ಕಬ್ಬಿಣದ ಗೇಟು ಹೊಸ ಕಾಂಕ್ರೀಟಿಗೆ ಕೆರೆದು ನಿಲ್ಲುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಆಮೇಲೆ ವೆಲ್ಡಿಂಗಿನವರನ್ನು ಕರೆಸಿ ಗೇಟು ಕತ್ತರಿಸಬೇಕಾಗುತ್ತದೆ. ಎರಡೂ ಗುರುತನ್ನು ಗೋಡೆಗೂ ಗೇಟಿನ ಕಂಬಕ್ಕೂ ಪೆನ್ಸಿಲ್‌ನಲ್ಲಿ ಹಾಕಿಟ್ಟುಕೊಳ್ಳಿ. ನಲ್ಲಿ ಪೈಪು, ಕರೆಂಟಿನ ಅರ್ಥಿಂಗ್ ತಂತಿ ಎಲ್ಲಿ ಹೋಗಿದೆ ಎಂದು ಮನೆ ಹಿರಿಯರನ್ನು ಕೇಳಿ. ಹಾರೆ ಹಾಕಿದ ಮೇಲೆ ಗೊತ್ತಾದರೆ ಕಷ್ಟ.

ಹಳೇ ಕಾಂಕ್ರೀಟ್ ಎರಡು ಮೂರು ಇಂಚು ದಪ್ಪ ಇದ್ದರೆ ಹಾರೆ, ದೊಡ್ಡ ಸುತ್ತಿಗೆ ಸಾಕು. ಅಂಚಿನಲ್ಲಿ ಮಣ್ಣು ಕೆರೆದು, ಅಡಿಗೆ ಹಾರೆ ಕೊಟ್ಟು ಸ್ವಲ್ಪ ಎತ್ತಿ ಹಿಡಿದು, ಮೇಲಿಂದ ಸುತ್ತಿಗೆಯಲ್ಲಿ ಹೊಡೆದರೆ ಸುಲಭವಾಗಿ ಒಡೆಯುತ್ತದೆ. ನೆಲಕ್ಕೆ ಕೂತ ಕಾಂಕ್ರೀಟಿಗೆ ಹೊಡೆದರೆ ರಟ್ಟೆ ನೋವು ಮಾತ್ರ ಸಿಗುತ್ತದೆ. ದಪ್ಪ ಜಾಸ್ತಿ ಇದ್ದರೆ ಬಾಡಿಗೆಗೆ ಬ್ರೇಕರ್ ಮೆಷಿನ್ ತನ್ನಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕಾಲಿಗೆ ಬೂಟು ಇರಲಿ. ಧೂಳು ಏಳದ ಹಾಗೆ ಆಗಾಗ ನೀರು ಚಿಮುಕಿಸಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಡೆದ ತುಂಡುಗಳನ್ನು ಹಳ್ಳಕ್ಕೋ ರಸ್ತೆ ಚರಂಡಿಗೋ ಸುರಿಯಬೇಡಿ. ಎರಡಿಂಚಿಗಿಂತ ಸಣ್ಣದಾಗಿ ಒಡೆದರೆ ಹೊಸ ದಾರಿಯ ಅಡಿಗೇ ಹಾಕಬಹುದು, ದೊಡ್ಡವು ತೋಟದ ಕಾಲುದಾರಿಗೆ ಆಗುತ್ತವೆ.

ಕಿತ್ತಾಗ ಅಡಿಯಲ್ಲಿ ಮರದ ಬೇರು ಕಂಡರೆ ನಿಲ್ಲಿ. ಹೆಬ್ಬೆರಳು ಗಾತ್ರದ ಬೇರುಗಳನ್ನು ಕಡಿದರೆ ಮರಕ್ಕೆ ಏನೂ ಆಗುವುದಿಲ್ಲ. ಹಲಸು, ಮಾವಿನ ತೊಡೆ ಗಾತ್ರದ ಬೇರನ್ನು ಬುಡದ ಹತ್ತಿರ ಕಡಿದರೆ ಮುಂದಿನ ಮಳೆಗಾಲದ ಗಾಳಿಗೆ ಮರವೇ ಮನೆ ಮೇಲೆ ಬರಬಹುದು. ಅಂಥ ಜಾಗದಲ್ಲಿ ಕಾಂಕ್ರೀಟ್ ಹಟ ಬಿಟ್ಟು ಕಲ್ಲಿನ ಚಪ್ಪಡಿ ಹಾಸಿ ಎಂದೇ ನನ್ನ ಸಲಹೆ. ಬೇರು ಎತ್ತಿದರೂ ಚಪ್ಪಡಿ ಎಬ್ಬಿಸಿ, ಅಡಿಗೆ ಮರಳು ಸರಿಮಾಡಿ, ಮತ್ತೆ ಕೂರಿಸಬಹುದು.

ಈಗ ಅಡಿಪಾಯ. ಇದರಲ್ಲಿ ಯಾರೂ ಆತುರ ಮಾಡಬಾರದು. ಮೇಲಿನ ಕಪ್ಪು ಮಣ್ಣು, ಎಲೆ ಕೊಳೆತ ಗೊಬ್ಬರದ ಮಣ್ಣು ಪೂರ್ತಿ ತೆಗೆಯಿರಿ, ಅದು ಗಿಡಕ್ಕೆ ಒಳ್ಳೆಯದು, ಕಾಂಕ್ರೀಟಿಗೆ ಅಲ್ಲ. ಕೆಂಪು ಗಟ್ಟಿ ನೆಲ ಸಿಗಬೇಕು. ನಾಲ್ಕಿಂಚು ಕಾಂಕ್ರೀಟ್, ನಾಲ್ಕಿಂಚು ಜಲ್ಲಿಯ ಹಾಸು, ದಾರಿ ಅಕ್ಕಪಕ್ಕದ ನೆಲಕ್ಕಿಂತ ಒಂದಿಂಚು ಮೇಲೆ ಎಂದು ಲೆಕ್ಕ ಹಾಕಿದರೆ ಏಳಿಂಚು ಆಳ ತೆಗೆಯಬೇಕು. ಧರೆ ಇರುವ ಕಡೆ, ದಾರಿಯ ಪಕ್ಕಕ್ಕೇ, ಒಂದಡಿ ಅಗಲದ ಬಸಿಗಾಲುವೆ ತೆಗೆದು ತಗ್ಗಿನ ಕಡೆಗೆ ಹರಿಸಿಬಿಡಿ. ಅಡಿಕೆ ತೋಟಕ್ಕೆ ಬಸಿಗಾಲುವೆ ಇಲ್ಲದಿದ್ದರೆ ಏನಾಗುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಆದರೆ ಮನೆ ಮುಂದಿನ ದಾರಿಗೆ ಅದನ್ನು ತೆಗೆಸುವವರು ಕಡಿಮೆ. ಕಾಲುವೆಯ ತಳ ಜಲ್ಲಿ ಹಾಸಿಗಿಂತ ಕೆಳಗಿರಬೇಕು. ಆಗ ನೀರು ದಾರಿಯ ಅಡಿಗೆ ನುಗ್ಗುವ ಮೊದಲೇ ಕಾಲುವೆಗೆ ಬೀಳುತ್ತದೆ.

ಅಗೆದ ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ ದಿಮ್ಮಸು ಹಾಕಿ. ಅದರ ಮೇಲೆ 40 ಎಂಎಂ ಜಲ್ಲಿ ಎರಡಿಂಚು ಹರಡಿ, ಸಂದಿಗೆ ಜಲ್ಲಿ ಪುಡಿ ತುಂಬಿ, ನೀರು ಹಾಕಿ, ಮತ್ತೆ ದಿಮ್ಮಸು. ಆಮೇಲೆ ಇನ್ನೆರಡಿಂಚು ಅದೇ ರೀತಿ. ನಾಲ್ಕಿಂಚು ಒಟ್ಟಿಗೇ ಸುರಿದು ಮೇಲೆ ಕುಟ್ಟಿದರೆ ಅಡಿ ಪೊಳ್ಳಾಗಿಯೇ ಉಳಿಯುತ್ತದೆ. ಹಿಮ್ಮಡಿ ಊರಿ ತಿರುಗಿಸಿದರೂ ಗುರುತು ಬೀಳಬಾರದು, ಅಷ್ಟು ಗಟ್ಟಿ ಆಗಬೇಕು. ಇದೇ ಹಂತದಲ್ಲಿ ದಾರಿಗೆ ಅಡ್ಡಲಾಗಿ ಒಂದು ಎರಡಿಂಚಿನ ಪಿವಿಸಿ ಪೈಪ್ ಹೂತು ಎರಡೂ ತುದಿಗೆ ಮುಚ್ಚಳ ಹಾಕಿಡಿ. ನಾಳೆ ತೋಟಕ್ಕೆ ನೀರಿನ ಪೈಪೋ ಗೇಟಿನ ಲೈಟಿಗೆ ವೈರೋ ಎಳೆಯಬೇಕಾದರೆ ಹೊಸ ದಾರಿ ಒಡೆಯುವುದು ತಪ್ಪುತ್ತದೆ.

ಪಕ್ಕಕ್ಕೆ ಕಟ್ಟುವ ಹಲಗೆ ನೆಟ್ಟಗಿರಲಿ. ನಾಲ್ಕಿಂಚು ಅಗಲದ ಸೆಂಟ್ರಿಂಗ್ ಹಲಗೆ, ಹೊರಗಿನಿಂದ ಎರಡು ಮೂರು ಅಡಿಗೊಂದು ಗೂಟ. ಗೂಟಕ್ಕೆ ಅಡಿಕೆ ದಬ್ಬೆಯ ತುಂಡೂ ಆಗುತ್ತದೆ. ದಾರ ಕಟ್ಟಿ, ಪೈಪ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ಇಳಿಜಾರು ನೋಡಿಕೊಳ್ಳಿ. ನಾಲ್ಕಡಿ ಅಗಲದ ದಾರಿಗೆ ಒಂದು ಅಂಚು ಇನ್ನೊಂದಕ್ಕಿಂತ ಒಂದಿಂಚು ಕೆಳಗಿದ್ದರೆ ಸರಿ. ನಡೆಯುವಾಗ ಗೊತ್ತಾಗುವುದಿಲ್ಲ, ನೀರು ಮಾತ್ರ ನಿಲ್ಲುವುದಿಲ್ಲ. ಇಳಿಜಾರು ಯಾವತ್ತೂ ಮನೆ ಗೋಡೆಯಿಂದ ಹೊರಗೆ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಹಾಸಿನ ಮೇಲೆ ನಾಲ್ಕು ಕೊಡ ನೀರು ಸುರಿದು ನೋಡಿ. ಎತ್ತ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಹಾಗೇ ಮೆಟ್ಟಿಲು, ಗೋಡೆ, ಗೇಟಿನ ಕಂಬ ಎಲ್ಲೆಲ್ಲಿ ಕಾಂಕ್ರೀಟ್ ತಾಗುತ್ತದೋ ಅಲ್ಲೆಲ್ಲ ಅರ್ಧ ಇಂಚಿನ ಥರ್ಮಕೋಲ್ ಪಟ್ಟಿ ನಿಲ್ಲಿಸಿ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ, ಮನೆ ಒಂದು ರೀತಿ ಕೂರುತ್ತದೆ, ದಾರಿ ಇನ್ನೊಂದು ರೀತಿ. ಎರಡಕ್ಕೂ ನಡುವೆ ಜಾಗ ಬೇಕಲ್ವಾ.

ಹೆಂಚಿನ ಮನೆಯವರಿಗೆ ಇನ್ನೊಂದು ಮಾತು. ಸೂರಿನ ಹನಿ ಬೀಳುವ ಗೆರೆಯನ್ನು ನೋಡಿ, ಹಳೇ ಕಾಂಕ್ರೀಟಿನಲ್ಲಿ ಅಲ್ಲಿ ಜಲ್ಲಿ ಹಲ್ಲು ಬಿಟ್ಟುಕೊಂಡು ಎದ್ದಿರುತ್ತದೆ, ಹೆಂಚಿಗೊಂದು ಗುಳಿಯಂತೆ ಸಾಲಾಗಿ. ಮೂರು ನಾಲ್ಕು ತಿಂಗಳು ಒಂದೇ ಜಾಗಕ್ಕೆ ನೀರು ಬಿದ್ದರೆ ಎಂಥ ಒಳ್ಳೆ ಕಾಂಕ್ರೀಟೂ ಸವೆಯುತ್ತದೆ. ಸೂರಿಗೆ ಗಟರ್ ಹಾಕಿಸಿ, ಅಥವಾ ಆ ಒಂದಡಿ ಜಾಗದಲ್ಲಿ ಕಾಂಕ್ರೀಟ್ ಬಿಟ್ಟು ಹೊಳೆಗುಂಡು ತುಂಬಿ, ಇಲ್ಲವೇ ಕರಿಕಲ್ಲಿನ ಚಪ್ಪಡಿ ಇಡಿ.

ಸಾಮಾನಿನ ಲೆಕ್ಕಕ್ಕೆ 30 ಅಡಿ ಉದ್ದ, 4 ಅಡಿ ಅಗಲ, 4 ಇಂಚು ದಪ್ಪದ ದಾರಿ ಹಿಡಿಯೋಣ. ಅದು 40 ಘನ ಅಡಿ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು 20 ಎಂಎಂ ಜಲ್ಲಿ, ಅಂದರೆ ಎಂ-20 ಎನ್ನುವ ಮಿಶ್ರಣಕ್ಕೆ, ಸುಮಾರು 10 ಚೀಲ ಸಿಮೆಂಟ್, 20 ಘನ ಅಡಿ ಮರಳು, 40 ಘನ ಅಡಿ ಜಲ್ಲಿ ಬೇಕು. ಮೆಷಿನ್ ಇಲ್ಲದೆ ಕೈಯಲ್ಲಿ ಕಲಸುವುದಾದರೆ ಸಿಮೆಂಟ್ ಹತ್ತನೇ ಒಂದು ಪಾಲು ಜಾಸ್ತಿ ಹಾಕಬೇಕು, ಹಾಗಾಗಿ 11 ಚೀಲ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಆದರೂ ಆಗುತ್ತದೆ, ಆದರೆ ಕಾಂಕ್ರೀಟಿಗೆ ಬರುವುದನ್ನೇ ಕೇಳಿ ತನ್ನಿ, ಪ್ಲಾಸ್ಟರಿಂಗಿನದ್ದು ಬೇಡ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಮೂರು ತಿಂಗಳಿಗಿಂತ ಹಳೆಯದು ಬೇಡ. ತಂದ ಚೀಲಗಳನ್ನು ನೆಲಕ್ಕೆ ಇಡದೆ ಹಲಗೆ ಮೇಲೆ ಇಡಿ. ಬರೀ ನಡೆಯಲು, ಬೈಕ್ ತಳ್ಳಲು ನಾಲ್ಕಿಂಚು ಸಾಕು, ಕಬ್ಬಿಣ ಬೇಡ. ಕಾರು, ಪಿಕಪ್ ಒಳಗೆ ಬರುವುದಾದರೆ ಆರಿಂಚು ದಪ್ಪ ಮಾಡಿ 8 ಎಂಎಂ ಸರಳಿನ ಜಾಲರಿ ಕಟ್ಟಿಸಿ. ಜಾಲರಿ ಕೆಳಗೆ ಕವರ್ ಬ್ಲಾಕ್ (ಸರಳನ್ನು ನೆಲದಿಂದ ಎತ್ತಿ ಹಿಡಿಯುವ ಸಣ್ಣ ಸಿಮೆಂಟ್ ತುಂಡು) ಇಡದೆ ನೆಲಕ್ಕೇ ಬಿಟ್ಟರೆ ಅದು ಏನೂ ಕೆಲಸ ಮಾಡುವುದಿಲ್ಲ, ಸುಮ್ನೆ ತುಕ್ಕು ಹಿಡಿಯುತ್ತದೆ.

ಕಲಸುವಾಗ ಎಲ್ಲರೂ ಜಗಳಾಡಬೇಕಾದ ವಿಷಯ ನೀರು. 50 ಕೆಜಿ ಚೀಲಕ್ಕೆ ಹೆಚ್ಚೆಂದರೆ 25 ಲೀಟರ್, ಅಂದರೆ 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಒಂದೂಕಾಲು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ನೀರು ಜಾಸ್ತಿ ಆದರೆ ಎಳೆಯಲು ಸಲೀಸು, ಅದಕ್ಕೇ ಕೆಲಸದವರು ಪೈಪ್ ಹಿಡಿದು ಬಿಡುತ್ತಾರೆ. ಆ ಹೆಚ್ಚುವರಿ ನೀರು ಆರಿಹೋದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ, ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ, ಆ ತೂತುಗಳಲ್ಲೇ ಪಾಚಿಗೂ ಬೇರೂರಲು ಜಾಗ ಸಿಗುತ್ತದೆ. ಪೈಪ್ ಬೇಡ, ಬಕೆಟ್ಟಿನಲ್ಲೇ ಅಳೆದು ಹಾಕಿ ಎಂದು ಮೊದಲೇ ಹೇಳಿಬಿಡಿ. ಕಲಸುವುದು ತಗಡಿನ ಮೇಲೆ, ಮಣ್ಣಿನ ಮೇಲಲ್ಲ. ಒಂದೇ ಬಾಂಡ್ಲಿಯಲ್ಲಿ ಮೂರನ್ನೂ ಅಳೆಯಿರಿ. ಮೊದಲು ಒಣದಾಗಿಯೇ ಬಣ್ಣ ಒಂದಾಗುವವರೆಗೆ ಮಗುಚಿ, ಆಮೇಲೆ ನೀರು. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಹಾಕಿ ಮುಗಿಸಿ, ಬಿಗಿಯಾಗುತ್ತಿದೆ ಎಂದು ಮತ್ತೆ ನೀರು ಸುರಿಯಬೇಡಿ. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟು ಬೇಕೇ ಬೇಕು, ಹಸಿ ಸಿಮೆಂಟ್ ಚರ್ಮ ಸುಡುತ್ತದೆ.

ಹಾಕುವ ಮೊದಲು ಜಲ್ಲಿ ಹಾಸನ್ನು ಒದ್ದೆ ಮಾಡಿ, ಆದರೆ ನೀರು ನಿಂತಿರಬಾರದು. ಒಂದು ತುದಿಯಿಂದ ಶುರು ಮಾಡಿ, ಹಲಗೆಯ ಅಂಚಿನಲ್ಲಿ ಸರಳಿನಿಂದ ಚುಚ್ಚುತ್ತಾ ಹೋಗಿ, ಇಲ್ಲದಿದ್ದರೆ ಹಲಗೆ ಬಿಚ್ಚಿದಾಗ ಪಕ್ಕದಲ್ಲಿ ಜೇನುಗೂಡಿನಂತೆ ತೂತು ಕಾಣುತ್ತದೆ. ನೆಟ್ಟಗಿನ ಪಟ್ಟಿಯನ್ನು ಎರಡೂ ಹಲಗೆ ಮೇಲೆ ಇಟ್ಟು ಗರಗಸ ಎಳೆದಂತೆ ಅತ್ತಿತ್ತ ಮಾಡುತ್ತಾ ಹಿಂದಕ್ಕೆ ಎಳೆದರೆ ಮಟ್ಟ ಬರುತ್ತದೆ. ಆಮೇಲೆ ಕೈ ಬಿಡಿ. ಸ್ವಲ್ಪ ಹೊತ್ತಿಗೆ ಮೇಲೆ ತೆಳ್ಳಗೆ ನೀರು ಒಸರುತ್ತದೆ, ಮೈ ಮಿರಮಿರ ಹೊಳೆಯುತ್ತದೆ. ಆ ಹೊಳಪು ಹೋಗುವವರೆಗೆ ಯಾರೂ ಕರಣೆ ಮುಟ್ಟಬಾರದು.

ಇಲ್ಲೇ ನಮ್ಮ ಕಡೆ ಒಂದು ಕೆಟ್ಟ ಅಭ್ಯಾಸ ಇದೆ. ಒಸರಿದ ನೀರಿನ ಮೇಲೆ ಒಣ ಸಿಮೆಂಟ್ ಚೆಲ್ಲಿ ಕರಣೆಯಲ್ಲಿ ನುಣ್ಣಗೆ ಎಳೆಯುವುದು. ನಮ್ಮ ಮನೆಗೆ ಬಂದ ಮೇಸ್ತ್ರಿಯೂ ಅದನ್ನೇ ಹೇಳಿದರು, "ಸುಮ್ನಿರಿ ಅಕ್ಕ, ಮೇಲೊಂದು ಕೈ ಸಿಮೆಂಟ್ ಹೊಡೆದರೆ ಕನ್ನಡಿ ಥರ ಆಗುತ್ತೆ." "ಕನ್ನಡಿ ಬೇಡ ಅಣ್ಣ, ಅತ್ತೆ ಹಾಲಿನ ಪಾತ್ರೆ ಹಿಡಿದು ನಡೆಯೋ ದಾರಿ ಇದು" ಅಂದೆ. ಆ ತೆಳು ಪದರ ಒಂದೆರಡು ವರ್ಷಕ್ಕೆ ಸಿಪ್ಪೆಯಂತೆ ಏಳುತ್ತದೆ. ಏಳುವವರೆಗೂ ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟು ಕಷ್ಟ ಎಂದು ನೋಡಿದವರಿಗೆ ಗೊತ್ತು. ನುಣುಪು ನೆಲ ಮನೆಯೊಳಗೆ ಇರಲಿ.

ಹೊಳಪು ಹೋದ ಮೇಲೆ ಮರದ ಉಜ್ಜು ಹಲಗೆಯಲ್ಲಿ ಒಮ್ಮೆ ಸವರಿ, ಅಂಚನ್ನು ಸ್ವಲ್ಪ ಗುಂಡಗೆ ಮಾಡಿ. ನಂತರ ಐದಡಿಗೊಂದು ಅಡ್ಡಗೆರೆ, ಒಂದಿಂಚು ಆಳ. ಹಲಗೆಯನ್ನು ಅಡ್ಡ ಇಟ್ಟು ಕರಣೆಯ ಅಂಚಿನಿಂದ ಕೊಯ್ದು, ಗೆರೆಯ ಬಾಯಿ ನೇರ ಮಾಡಿದರೆ ಆಯಿತು. ಕಾಂಕ್ರೀಟ್ ಆರುವಾಗ ಕುಗ್ಗುತ್ತದೆ, ಕುಗ್ಗಿದರೆ ಎಲ್ಲೋ ಒಂದು ಕಡೆ ಬಿರಿಯಲೇಬೇಕು, ಆ ಬಿರುಕು ಈ ಗೆರೆಯೊಳಗೇ ಬೀಳಲಿ ಎಂದು ಇಷ್ಟು ಕೆಲಸ. ಅರ್ಧ ಇಂಚು ಕೊಯ್ದು ಬಿಟ್ಟರೆ ಅದು ಅಲಂಕಾರ ಅಷ್ಟೇ, ದಪ್ಪದ ಕಾಲು ಭಾಗ ಆಳ ಹೋಗಲೇಬೇಕು. ಕೊನೆಗೆ ಕಡ್ಡಿ ಪೊರಕೆ. ನಡೆಯುವ ದಿಕ್ಕಿಗೆ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ, ಭಾರ ಹಾಕದೆ ಎಳೆಯಿರಿ. ಪೊರಕೆಗೆ ಸಿಮೆಂಟ್ ಮೆತ್ತಿಕೊಂಡು ಬಂದರೆ ಇನ್ನೂ ಹೊತ್ತಾಗಿಲ್ಲ ಎಂದು ಅರ್ಥ. ಸಣ್ಣ ಗೀರುಗಳು ಸಾಲಾಗಿ ಬಿದ್ದರೆ ಸರಿಯಾಯಿತು, ಚಪ್ಪಲಿ ಹಿಡಿಯುತ್ತದೆ, ನೀರೂ ಗೀರಿನ ಉದ್ದಕ್ಕೆ ಪಕ್ಕಕ್ಕೆ ಓಡುತ್ತದೆ.

ಆ ರಾತ್ರಿ ನಾಯಿ, ಕೋಳಿ, ಕರು ಅತ್ತ ಬರದ ಹಾಗೆ ಅಡ್ಡ ಕಟ್ಟಿ. ಮಳೆ ಮೋಡ ಕಂಡರೆ ಟಾರ್ಪಾಲು ಕೈಗೆ ಸಿಗುವಂತಿರಲಿ, ಆದರೆ ಅದು ಹಸಿ ಮೈಗೆ ತಾಗದಂತೆ ಗೂಟದ ಮೇಲೆ ಎಳೆಯಿರಿ.

ಮರುದಿನ ಬೆಳಿಗ್ಗೆಯಿಂದ ಕ್ಯೂರಿಂಗ್. ಬೆಳಿಗ್ಗೆ ಸಂಜೆ ಎರಡು ಬಾರಿ ಪೈಪ್ ಹಿಡಿದರೆ ಸಾಲದು, ನಡುವೆ ಬಿಸಿಲಿಗೆ ಒಣಗುತ್ತದೆ. ಗೋಣಿಚೀಲ ಹಾಸಿ ಒದ್ದೆ ಮಾಡಿ, ಅದರ ಮೇಲೆ ಅಡಿಕೆ ಸೋಗೆ ಹರಡಿದರೆ ನೆರಳಾಗಿ ನೀರು ಬೇಗ ಆರುವುದಿಲ್ಲ. ಅಂಗಡಿಯಲ್ಲಿ ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಿಗೆ ಕಡಿಮೆ ಎಂದರೆ ಹತ್ತು ದಿನ, ಓಪಿಸಿ (ಬೆರಕೆ ಇಲ್ಲದ ಸಾಮಾನ್ಯ ಸಿಮೆಂಟ್) ಆದರೆ ಏಳು ದಿನ. ಬಿರುಬಿಸಿಲಿದ್ದರೆ ಪಿಪಿಸಿಗೆ ಎರಡು ವಾರ ಮಾಡಿ. ಗೋಣಿ ಒಣಗಲು ಬಿಡಬಾರದು. ಹಲಗೆಯನ್ನು ಒಂದು ದಿನ ಕಳೆದ ಮೇಲೆ ಬಿಚ್ಚಬಹುದು, ಎರಡು ದಿನಕ್ಕೆ ಮೆಲ್ಲಗೆ ನಡೆಯಬಹುದು, ಬೈಕಿಗೆ ಒಂದು ವಾರ, ಕಾರಿಗೆ 28 ದಿನ ಕಾಯಿರಿ.

ಹಲಗೆ ಬಿಚ್ಚಿದ ಜಾಗಕ್ಕೆ ಮಣ್ಣು ತುಂಬಿ ತುಳಿಯಿರಿ. ಮಣ್ಣು ದಾರಿಗಿಂತ ಒಂದಿಂಚು ಕೆಳಗೇ ಇರಬೇಕು, ಮೇಲೆ ಬಂದರೆ ನೀರು ದಾರಿಯ ಮೇಲೇ ನಿಲ್ಲುತ್ತದೆ. ಮಣ್ಣು ಕೊಚ್ಚಿಹೋಗದಂತೆ ಅಂಚಿಗೆ ಹುಲ್ಲು ನಾಟಿ.

ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ಹೋಗಿ ಒಂದು ಸುತ್ತು ನೋಡಿ ಬನ್ನಿ. ಬಸಿಗಾಲುವೆಯಲ್ಲಿ ನೀರು ಓಡುತ್ತಿದೆಯೋ, ಎಲೆ ಸಿಕ್ಕಿಕೊಂಡಿದೆಯೋ, ಅಂಚಿನ ಮಣ್ಣು ಎಲ್ಲಿ ಕೊರೆಯುತ್ತಿದೆ ಎಂದು ಆಗಲೇ ಗೊತ್ತಾಗುವುದು. ಕೊರೆದ ಕಡೆ ನಾಲ್ಕು ಕಲ್ಲು ಇಟ್ಟು ತುಳಿದು ಬಿಡಿ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಕಾಲುವೆಯ ಎಲೆ ತೆಗೆಯುತ್ತಿರಿ, ಪ್ರತಿ ವರ್ಷ ಮೇ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ದಾರಿಯನ್ನು ಒಮ್ಮೆ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ.